ಇಂಜಿನ್ನಿನ ಬಿಸಿನೀರು

ಅವನು ತೀರಿಹೋದ ಸುದ್ದಿ ಬಂದಾಗ ನಾನು ಊಟಕ್ಕೆ ಕುಳಿತಿದ್ದೆ. ಸುದ್ದಿ ತಂದವನು ಲಿಂಗಸುಗೂರಿನವನು. ನಾವಿಬ್ಬರೂ ಹಿಂದೆ ಒಂದೇ ಗಿರಣಿಯಲ್ಲಿ ದುಡಿದವರೆಂಬುದು ಅವನಿಗೆ ಗೊತ್ತಿತ್ತು. ನನ್ನ ಬಾಯಿಂದ ಸತ್ತವನ ಬಗ್ಗೆ ಒಂದೆರಡು ಒಳ್ಳೆಯ ಮಾತು ಬಂದಾವೆಂದು ಹೊಸ್ತಿಲಲ್ಲೇ ಕಾದು ನಿಂತ. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಅದಾಗಿ ಬಹಳ ವರ್ಷವಾಯಿತು. ಈಗ ನನ್ನ ಸರದಿಯೂ ಹತ್ತಿರ ಬಂದಿದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡ ಮನಸ್ಸಿನಿಂದ ಬಿಟ್ಟದ್ದಲ್ಲ. ಅವನ ಮೊಮ್ಮಕ್ಕಳು ಒಳ್ಳೆಯವರು, ನನ್ನನ್ನು ಕಂಡರೆ ಈಗಲೂ ಕಾಲು ಮುಟ್ಟುತ್ತಾರೆ, ಅದಕ್ಕಾಗಿ ಬಿಟ್ಟದ್ದು. ಅವನಿಂದ ಬಾಳು ಕೆಟ್ಟ ಹೆಣ್ಣುಮಗಳೊಬ್ಬಳು ಬದುಕಿರುವವರೆಗೆ ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಅವಳೂ ಈಗಿಲ್ಲ. ಅವನಿಂದ ಕೆಟ್ಟಿತು ಎಂದು ಬರೆದದ್ದು ಅರ್ಧ ಮಾತು. ಉಳಿದರ್ಧ ಮುಂದೆ ಬರುತ್ತದೆ.

ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಇಂಜಿನ್ನು ಎಂಬ ಮಾತಿಗೆ ಊರಿಗೊಂದು ಅರ್ಥವಿತ್ತು. ಸಿಂಧನೂರಿನ ಹೆಣ್ಣುಮಕ್ಕಳು "ಇಂಜಿನ್ನಿಗೆ ಹೋಗಿ ಬರ್ತೀನಿ" ಎಂದರೆ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರುವುದು. ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ "ಇಂಜಿನ್ ಬಾಜೂಕ ಕುಂದ್ರು" ಎಂದರೆ ಬಸ್ಸಿನ ಮುಂದಿನ ಬಿಸಿ ಜಾಗ. ಮಸ್ಕಿಯವರಿಗೆ ಇಂಜಿನ್ನು ಎಂದರೆ ರಸ್ತೆಗೆ ಹಾಸಿದ ಕಂಕರನ್ನು ತುಳಿಯುತ್ತ ಹೋಗುವ ಉರುಳುಗಾಲಿಯ ಯಂತ್ರ. ರಾಯಚೂರಿಗೆ ಹೋಗಿ ಬಂದವರಿಗೆ ಮಾತ್ರ ಅದು ರೈಲಿನದು. ಮೋಟರು ಎಂದರೆ ಬಸ್ಸು. ಡ್ರೈವರ್ ಎಂದರೆ ಬಸ್ಸು ಓಡಿಸುವವನೂ ಹೌದು, ಕಾಲು ಮುರಿದ ಕುರ್ಚಿಯ ಮೇಲೆ ಕುಳಿತು ಗಿರಣಿಯ ಇಂಜಿನ್ನು ಕಾಯುವವನೂ ಹೌದು. ಇಷ್ಟು ಅರ್ಥಗಳಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಯಾವ ಊರಿನ ಮಾತು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಆ ಮಾತುಗಳನ್ನು ಹೊಟ್ಟೆಪಾಡಿನ ಕಸುಬು ಮಾಡಿಕೊಂಡವನು ಅವನೊಬ್ಬನೇ.

ನಾನು ಉರ್ದು ಹೈಸ್ಕೂಲು ಮುಗಿಸಿ ಸಿಂಧನೂರಿನ ಬಸವಂತಪ್ಪ ಸಾವಕಾರರ ಗಿರಣಿಗೆ ಮುನಷಿಯಾಗಿ ಸೇರಿದ್ದು ನಿಜಾಮರ ಆಳಿಕೆ ಮುಗಿದ ವರ್ಷ. ತಕ್ಕಡಿಯ ಹತ್ತಿರ ಕುಳಿತು ಚೀಟಿ ಬರೆಯುವುದು ನನ್ನ ಕೆಲಸ. ಅವನು ಅಲ್ಲಿ ಮೊದಲೇ ಇದ್ದ. ಊರೆಲ್ಲ ಅವನನ್ನು ಡ್ರೈವರ್ ಸಾಹೇಬ್ರು ಎನ್ನುತ್ತಿತ್ತು. ಸಾಹೇಬ ಎಂಬುದನ್ನು ಅವನೇ ಸೇರಿಸಿದ್ದೆಂದು ನನ್ನ ಅನುಮಾನ.

ಸ್ನಾನ ಮಾಡಿ ಬಂದ ಮೇಲೆ ಅವನು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಅದರ ಪಕ್ಕಕ್ಕೆ ಬೆರಳಿನಿಂದ ಒಂದಿಷ್ಟು ಮಡ್ಡಿ ಎಣ್ಣೆಯನ್ನೂ ಒರೆಸಿಕೊಳ್ಳುತ್ತಿದ್ದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಣ್ಣೆ ಇಲ್ಲದ ಮುಖ ಡ್ರೈವರನ ಮುಖವಲ್ಲವಂತೆ. ಮದುವೆ ಮನೆಗೆ ಹೋಗುವಾಗಲೂ ಕಿಸೆಯಲ್ಲಿ ನಟ್ಟು ತಿರುವುವ ಪಾನಾ ಇರಬೇಕು, ಅದರ ಬಾಯಿ ಹೊರಗೆ ಕಾಣಬೇಕು. ಇಂಜಿನ್ನು ನಿಂತಿದ್ದಾಗಲೂ ಕಿರುಚಿಯೇ ಮಾತಾಡುತ್ತಿದ್ದ. ಇಂಜಿನ್ನಿನ ಮುಂದೆ ಬಾಳಿದವರಿಗೆ ಕಿವಿ ಮಂದವಾಗಿರುತ್ತದೆ ಎಂದು ನಾವು ತಿಳಿಯಬೇಕಿತ್ತು. ಅವನ ಹೆಂಡತಿ ಪಕ್ಕದ ಓಣಿಯಲ್ಲಿ ಅವನನ್ನು ಬೈದರೆ ಮಾತ್ರ ಅದು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ದಿನಕ್ಕೊಮ್ಮೆ ಒಂದು ಕೋಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಇಂಜಿನ್ನಿನ ಮೈಗೆ ಊರಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬೀಸಲು ಬಂದ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅದು ಖರೇ ಫಿಟ್ಟರುಗಳು ಮಾಡುವ ಪರೀಕ್ಷೆಯೇ ಎಂದು ನನಗೆ ಆಮೇಲೆ ತಿಳಿಯಿತು. ಇವನು ಮಾತ್ರ ಒಮ್ಮೆ ಹಾಗೆ ನಿಂತವನು ಬಾಯಿಂದ ಕೋಲು ಜಾರಿ ಬಿದ್ದರೂ ಕಣ್ಣು ತೆರೆಯಲಿಲ್ಲ. ನಿಂತಲ್ಲೇ ನಿದ್ದೆ ಹೋಗಿದ್ದ.

"ಕಂಪ್ರೇಶನ್ ಬಿದ್ದೈತಿ" ಎಂಬುದು ಅವನಿಗೆ ಬಹಳ ಪ್ರೀತಿಯ ಮಾತು. ಹಾಗೆಂದು ರೈತರಿಗೆ ಹೇಳಿದರೆ ಹಿಟ್ಟಿಗೆ ಸಂಜೆಯವರೆಗೆ ಕಾಯಬೇಕು ಎಂದು ಅರ್ಥ. ಸಾವಕಾರರಿಗೆ ಹೇಳಿದರೆ ಇನ್ನೊಂದು ಡಬ್ಬಿ ಎಣ್ಣೆ ತರಿಸಬೇಕು ಎಂದು. ನನಗೆ ಹೇಳಿದರೆ ಚಹಾಕ್ಕೆ ಹೋಗುತ್ತಾನೆ, ಇಂಜಿನ್ನಿನ ಕಡೆ ಕಣ್ಣಿಡಬೇಕು ಎಂದು. ಗೊರೇಬಾಳದ ಮುದುಕನೊಬ್ಬ ಒಮ್ಮೆ ಅವನನ್ನು ಕೆಣಕಿದ.

"ಅಲ್ರೀ ಡ್ರೈವರ್ರ, ಬಿದ್ದದ್ದು ಎಲ್ಲಿ ಬಿದ್ದೈತಿ ತೋರಸ್ರಿ. ನಾ ಎತ್ತಿ ಇಡ್ತೀನಿ."

"ಅದು ಕಣ್ಣಿಗೆ ಕಾಣೂದಲ್ಲಲೇ ಮುದುಕಾ."

"ಹಂಗಾರ ನಿಮಗ ಹ್ಯಾಂಗ ಕಾಣಸ್ತು?"

ಜನ ನಕ್ಕರು. ಮುದುಕನ ಜೋಳವನ್ನು ಅವತ್ತು ಎಲ್ಲರದಕ್ಕಿಂತ ಕಡೆಗೆ ಬೀಸಿದ.

ಇಂಜಿನ್ನಿನ ಮೇಲೆ ಎರಡು ಗುಂಡುಗಳು ಗರಗರ ತಿರುಗುತ್ತಿದ್ದವು. ಇಂಜಿನ್ನಿನ ಓಟವನ್ನು ಹಿಡಿತದಲ್ಲಿ ಇಡುವ ಅವಕ್ಕೆ ಗೌರ್ನರ್ ಎಂದು ಹೆಸರು. ಹೈದರಾಬಾದಿಗೆ ಹೊಸ ಗೌರ್ನರ್ ಬಂದಿದ್ದಾರೆ ಎಂದು ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ ಇವನು ಆ ಗುಂಡುಗಳತ್ತ ಬೆರಳು ಮಾಡಿ, "ಅಲ್ಲಿ ಗೌರ್ನರ್ ಯಾರನ್ನಾರ ಇಡವಲ್ರ್ಯಾಕ, ಸಿಂಧನೂರಿನ ಗೌರ್ನರ್ ನನ್ನ ಕೈಯಾಗ ಐತಿ" ಎಂದು ಎದೆ ಉಬ್ಬಿಸುತ್ತಿದ್ದ. ಆ ಗದ್ದಲದ ದಿನಗಳಲ್ಲಿ ಊರಿನಲ್ಲಿ ಒಂದು ಪಟಾಕಿ ಸದ್ದಾದರೆ ಮೊದಲು ಓಡಿ ನೆಲದೊಳಗಿನ ಹಗೇವಿನಲ್ಲಿ ಅಡಗಿದವನೂ ಅವನೇ. ಜೋಳದ ಹಗೇವಿನಿಂದ ಅವನನ್ನು ಎಳೆದು ತೆಗೆದವರು ಆ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಅವನ ಬಂಡವಾಳ ನನಗೆ ಗೊತ್ತಾದದ್ದು ಮಸ್ಕಿಯಲ್ಲಿ. ಗಿರಣಿಗೆ ಹೊಸ ಬೆಲ್ಟು ಬೇಕಾಗಿತ್ತು. ತರಲು ಸಾವಕಾರರು ನಮ್ಮಿಬ್ಬರನ್ನೂ ಲಿಂಗಸುಗೂರಿಗೆ ಕಳಿಸಿದರು. ಮಸ್ಕಿಯ ಗುಡ್ಡದ ಹತ್ತಿರ ಬಸ್ಸು ಹೊಗೆಯಾಡಿ ನಿಂತಿತು. ಇವನು ಇಳಿದವನೇ ಧೋತರ ಮೇಲೆ ಕಟ್ಟಿ, ಜನರನ್ನು ಸರಿಸಿ, ಬಸ್ಸಿನ ಮೂತಿಯ ಹತ್ತಿರ ಹೋಗಿ, "ಸರೀರಿ, ಸರೀರಿ. ಇದರ ಟೈಮಿಂಗ್ ಹೋಗೈತಿ" ಎಂದ. ಬಸ್ಸಿನ ಡ್ರೈವರು ದಪ್ಪ ಮೀಸೆಯ ಹಿರಿಯ. ತಲೆಯೆತ್ತಿ ಇವನನ್ನು ನೋಡಿದ.

"ಯಾರಪಾ ನೀ? ಲಿಂಗಸೂರ ಸ್ಟ್ಯಾಂಡಿನಾಗ ಮೋಟರಿಗೆ ನೀರು ಹೊಯ್ಯಾವ ಅಲ್ಲೇನು?"

ಇವನು ಮೇಲೆ ಕಟ್ಟಿದ್ದ ಧೋತರವನ್ನು ಕೆಳಗೆ ಬಿಟ್ಟ.

"ಡಬ್ಬಿ ಎಲ್ಲಿ ಬಿಟ್ಟು ಬಂದಿ? ಹಿಡಿ ಇದನ್ನ. ಹಳ್ಳದಾಗಿಂದ ತುಂಬಕೊಂಡು ಬಾ."

ಸಿಂಧನೂರಿನ ಡ್ರೈವರ್ ಸಾಹೇಬ್ರು ಎಲ್ಲರ ಮುಂದೆ ಡಬ್ಬಿ ಹಿಡಿದು ಹಳ್ಳಕ್ಕೆ ಇಳಿದರು. ನೀರು ತಂದು, ಹೇಳಿಸಿಕೊಳ್ಳದೆಯೇ ಬಟ್ಟೆ ಹಿಡಿದು ಮುಚ್ಚಳ ತೆಗೆದು, ಹಬೆ ಇಳಿಯುವವರೆಗೆ ಕಾದು, ಸಣ್ಣಗೆ ಹೊಯ್ದರು. ಆ ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು. ನೀರಿಲ್ಲದೆ ಇಂಜಿನ್ನಿಗೆ ಏನಾಗುತ್ತದೆ ಎಂಬುದು ಅವನಿಗೆ ಬಸ್ಸಿನ ಕಾಲದಿಂದಲೂ ಗೊತ್ತಿತ್ತು ಎನ್ನಲು ಇದನ್ನು ಬರೆದೆ. ಊರಿಗೆ ಮರಳಿದ ಮೇಲೆ ಈ ಸಂಗತಿಯನ್ನು ಯಾರಿಗೂ ಹೇಳಬೇಡವೆಂದು ಬೇಡಿಕೊಂಡ. ನಾನು ಹೇಳಲಿಲ್ಲ. ಒಬ್ಬನನ್ನು ಒಳಗೊಳಗೇ ತಿರಸ್ಕರಿಸುವ ಸುಖ ನನಗೆ ಸಾಕಾಗಿತ್ತು. ನಾನು ಕಲಿತವನು, ಅವನು ಡಬ್ಬಿ ಹಿಡಿದವನು ಎಂದು ದಿನಾ ತಕ್ಕಡಿಯ ಹಿಂದೆ ಕುಳಿತು ನೆನೆಯುತ್ತಿದ್ದೆ.

ಇನ್ನು ಬಿಸಿನೀರಿನ ವಿಷಯ. ಗಿರಣಿಯ ಇಂಜಿನ್ನಿನ ಪಕ್ಕಕ್ಕೆ ಕಬ್ಬಿಣದ ದೊಡ್ಡ ಹೌಜು ಇತ್ತು. ಇಂಜಿನ್ನನ್ನು ತಣ್ಣಗಿಡುವ ನೀರು ಅದರಲ್ಲಿ ಇರುತ್ತಿತ್ತು. ಕೆಳಗಿನ ಕೊಳವೆಯಿಂದ ತಣ್ಣೀರು ಇಂಜಿನ್ನಿನ ತಲೆಗೆ, ಅಂದರೆ ಹೆಡ್ಡಿಗೆ, ಹೋಗಿ, ಕಾದು, ಮೇಲಿನ ಕೊಳವೆಯಿಂದ ಮತ್ತೆ ಹೌಜಿಗೆ ಬರುತ್ತಿತ್ತು. ಮೇಲಿನ ಕೊಳವೆಯ ಬಾಯಿ ಸದಾ ನೀರಿನಲ್ಲಿ ಮುಳುಗಿರಬೇಕು. ಅದು ಬಯಲಾದರೆ ನೀರು ತಿರುಗುವುದು ನಿಂತು ತಲೆ ಸೀಳುತ್ತದೆ. ಇಂಜಿನ್ನಿನ ಶಾಸ್ತ್ರದಲ್ಲಿ ನನಗೆ ತಿಳಿದದ್ದು ಇಷ್ಟೇ, ಹೇಳಿಕೊಟ್ಟವನೂ ಅವನೇ.

ಹೌಜಿನ ಮೇಲಿನ ನೀರು ಹಂಡೆಯ ನೀರಿನಂತೆ ಕಾದಿರುತ್ತಿತ್ತು. ನಮ್ಮೂರಲ್ಲಿ ಸೌದೆ ಕಡಿಮೆ. ಕರಿಯ ಹೊಲಗಳಲ್ಲಿ ಮರವೆಲ್ಲಿ? ಹತ್ತಿಕಟ್ಟಿಗೆ, ಕುಳ್ಳು ಅಡುಗೆಗೇ ಸಾಲದು. ಹೀಗಾಗಿ ಓಣಿಯ ಹೆಂಗಸರು ಕೊಡ ಹಿಡಿದು ಇಂಜಿನ್ ನೀರಿಗೆ ಬರುತ್ತಿದ್ದರು. ಕೀಲುನೋವಿಗೆ ಅದು ಒಳ್ಳೆಯದೆಂಬ ಮಾತು ಬೇರೆ ಹುಟ್ಟಿತ್ತು. ಬಾಣಂತಿ ಇರುವ ಮನೆಯವರಂತೂ ಅದಕ್ಕೆ ಕಾದೇ ಇರುತ್ತಿದ್ದರು. ಯಾರಿಗೆ ಕೊಡಬೇಕು, ಯಾರಿಗೆ ಇಲ್ಲ ಎಂಬುದು ಅವನ ಮರ್ಜಿ. ಎಲೆಅಡಿಕೆ ತಂದವಳಿಗೆ ಎರಡು ಕೊಡ, ನಗುತ್ತ ಮಾತಾಡಿದವಳಿಗೆ ಮೂರು. ತಲೆ ಬಗ್ಗಿಸಿ ನಿಂತವಳಿಗೆ "ಕಂಪ್ರೇಶನ್ ಬಿದ್ದೈತಿ, ನಾಳಿ ಬಾ."

ಹೌಜಿಗೆ ತಣ್ಣೀರು ತುಂಬುವವಳು ಹುಲಿಗೆವ್ವ. ಗಂಡ ಸತ್ತವಳು, ನಡುವಯಸ್ಸಿನವಳು. ನಮ್ಮೂರಿನ ಬಾವಿಗಳೆಲ್ಲ ಸವಳು ನೀರಿನವು. ಸಿಹಿನೀರಿನ ಬಾವಿ ಊರ ಹೊರಗೆ, ದೂರ. ಅವಳು ಅಲ್ಲಿಂದ ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಹೊತ್ತು ಗಿರಣಿಗೂ ಕೆಲವು ಮನೆಗಳಿಗೂ ತರುತ್ತಿದ್ದಳು. ನೀರು ತರುವವಳಿಗೆ ನಂಬಿಕೆಯೇ ಬದುಕು. ದೂರದ ಬಾವಿಯದೋ ಹತ್ತಿರದ್ದೋ ಎಂದು ಬೆನ್ನು ಹತ್ತಿ ನೋಡುವವರು ಯಾರು? ಹುಲಿಗೆವ್ವನ ಕೊಡವನ್ನು ಯಾರೂ ರುಚಿ ನೋಡುತ್ತಿರಲಿಲ್ಲ, ನೇರ ದೇವರ ಮನೆಗೇ ಒಯ್ಯುತ್ತಿದ್ದರು.

ನನ್ನ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಅಕ್ಕ ಬಹಳ ಬಳಲಿದ್ದಳು, ಮೈ ತುಂಬ ಬಿಸಿನೀರು ಎರೆಯಬೇಕು ಎಂದರು. ಯಾವನನ್ನು ಮನಸ್ಸಿನಲ್ಲಿ ಡಬ್ಬಿಯವ ಎಂದು ಹೀಯಾಳಿಸುತ್ತಿದ್ದೆನೋ ಅವನ ಹತ್ತಿರವೇ ಹೋಗಿ ಹಲ್ಲು ಕಿರಿದೆ. ಅವನಿಗೆ ಹಬ್ಬವಾಯಿತು. "ಮುನಷಿ ಕೇಳಿದ ಮ್ಯಾಲ ಇಲ್ಲ ಅನ್ನಾಕ ಆಗ್ತೈತೇನು?" ಎಂದು ದಿನಾ ಹುಲಿಗೆವ್ವನ ಕೈಯಲ್ಲೇ ಕಳಿಸತೊಡಗಿದ.

ಅವತ್ತು ಸಂತೆ. ಬೀಸುವ ಚೀಲಗಳು ಬಾಗಿಲವರೆಗೆ ಸಾಲು ಹಚ್ಚಿದ್ದವು. ಮನೆಯಲ್ಲಿ ಅಕ್ಕನಿಗೆ ತಲೆಗೆ ನೀರೆರೆಯುವ ದಿನ, ನೀರು ಹೆಚ್ಚು ಬೇಕು. ಅವನು ಹೌಜಿನೊಳಗೆ ಬಗ್ಗಿ ನೋಡಿದ.

"ಮುನಷೀ, ಇಲ್ಲಿ ಬಾ. ಈ ಕೊಳವಿ ಬಾಯಿ ನೋಡು. ಇಷ್ಟ ಮುಳಿಗೈತಿ. ಇನ್ನ ತಗದ್ರ ಹೆಡ್ಡು ಹೋಗತೈತಿ."

"ಹಂಗಾರ ಬ್ಯಾಡ ಬಿಡ್ರಿ."

"ಬ್ಯಾಡ ಯಾಕ? ನಿಮ್ಮಕ್ಕನ ಸಲುವಾಗಿ ಕೊಡಾಕತ್ತೀನಿ, ನೆನಪಿಟಗೋ ಅಂತ ತೋರಿಸ್ದೆ. ಹುಲಿಗೆವ್ವ ಲಗೂನ ಕೊಟ್ಟು ಬಂದು ತಣ್ಣೀರು ಹಾಕತಾಳ. ನೀ ನಿನ್ನ ತಕ್ಕಡಿ ನೋಡು."

ಹುಲಿಗೆವ್ವ ಬಿಸಿನೀರಿನ ಕೊಡ ಎತ್ತಿಕೊಂಡಳು. ಬಾಗಿಲ ಹತ್ತಿರ ನಾನೇ ಅವಳನ್ನು ತಡೆದು ಹೇಳಿದೆ: "ಹುಲಿಗೆವ್ವ, ನಮ್ಮವ್ವಗ ಸೊಂಟ ಹಿಡದೈತಿ. ನೀನ ಅಕ್ಕಗ ಎರದು ಬಾ."

"ಹೌಜು ಖಾಲಿ ಐತಲ್ಲೋ ತಮ್ಮಾ."

"ನಿನಗ ತಡಾ ಆಗತೈತಂತ ನಾ ಡ್ರೈವರಗ ಹೇಳ್ತೀನಿ. ಹೋಗು."

ನಾನು ಹೇಳಲಿಲ್ಲ. ತಕ್ಕಡಿಯ ಮುಂದೆ ಜನ ಕೂಗಾಡುತ್ತಿದ್ದರು, ಮರೆತೆ. ಅವನು ಇಂಜಿನ್ನು ನಡೆಯುತ್ತಿದ್ದಂತೆಯೇ ಬಿಟ್ಟು ಮಿರ್ಚಿಭಜಿ, ಚಹಾಕ್ಕೆ ಹೋದ. ಬಹಳ ಹೊತ್ತಾದ ಮೇಲೆ ಟುಕ್ ಟುಕ್ ಸದ್ದು ಮಂದವಾಯಿತು. ಕುದುರೆ ಮುಗ್ಗರಿಸಿದಂತೆ ಒಮ್ಮೆ ತಡವರಿಸಿತು. ಆಮೇಲೆ ಒಳಗಿನಿಂದ ಟಣ್ ಎಂದು ಒಂದೇ ಸದ್ದು, ಗಿರಣಿಯ ತುಂಬ ಹಬೆ. ಅವನು ಹೋಟೆಲಿನಿಂದ ಓಡಿ ಬಂದ, ಒಳಗೆ ನೋಡಿದ, ಬಂದಷ್ಟೇ ವೇಗವಾಗಿ ಹೊರಗೆ ಓಡಿದ.

ಸಾವಕಾರರು ಬರುವ ಹೊತ್ತಿಗೆ ಅವನು ಹಣೆಯ ಎಣ್ಣೆಯನ್ನು ಇನ್ನಷ್ಟು ಅಗಲ ಮಾಡಿಕೊಂಡು ಸಿದ್ಧನಾಗಿದ್ದ. ಹುಲಿಗೆವ್ವ ಖಾಲಿ ಕೊಡ ಹಿಡಿದು ಆಗಷ್ಟೇ ಬಂದಿದ್ದಳು. ಸಂತೆಯ ಜನವೆಲ್ಲ ಬಾಗಿಲಲ್ಲಿ.

"ಸಾವಕಾರ್ರ, ಗೌರ್ನರ್ ಬರೋಬ್ಬರಿ ಐತಿ. ಟೈಮಿಂಗ್ ಬರೋಬ್ಬರಿ ಐತಿ. ಖೊಟ್ಟಿ ಇರೂದು ನೀರಿನಾಗ" ಎಂದು ಕಿರುಚಿದ. "ಇಕಿಗೆ ದೂರದ ಬಾವಿ ಬ್ಯಾಸರಾಗೈತಿ. ಇಲ್ಲೇ ಬಾಜೂಕಿನ ಸವಳ ನೀರು ತಂದು ಸುರವ್ಯಾಳ. ಉಪ್ಪು ಹೆಡ್ಡಿನಾಗ ಹರಳು ಕಟ್ಟಿ ಕಂಪ್ರೇಶನ್ ಬಿಗದು ಒಡದೈತಿ."

"ಸುಳ್ಳರೀ ಯಪ್ಪಾ! ನನ್ನ ಕೊಡದಾಗಿನ ನೀರು ಒಂದಿನಾರ ಸವಳ ಆಗಿತ್ತೇನು? ಊರ ಮಂದೀನ ಕೇಳ್ರಿ."

ಸಾವಕಾರರು ಹೌಜಿನ ತಳದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ತುಕ್ಕು, ಮಡ್ಡಿ ಎಣ್ಣೆ ಕೂಡಿದ ನೀರು ಹೇಗಿದ್ದೀತು? ಥೂ ಎಂದು ಉಗುಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮುನಷೀ, ನೀ ಸಾಲಿ ಕಲತಾವ. ನಮಗ ಈ ಕಂಪ್ರೇಶನ್ನು ಗಿಂಪ್ರೇಶನ್ನು ತಿಳಿಯೂದಿಲ್ಲ. ಇಂವ ಹೇಳೂದು ಖರೇ ಏನು?"

ಎಲ್ಲರೂ ನನ್ನನ್ನೇ ನೋಡಿದರು. ಸಂತೆಯ ಅಷ್ಟು ಜನರ ಮುಂದೆ ತಿಳಿದವನೆಂದು ನನ್ನನ್ನು ಕೇಳಿದ್ದು ಅದೇ ಮೊದಲು. ಖರೇ ಹೇಳಿದರೆ ನಮ್ಮ ಮನೆಗೆ ಹೋದ ನೀರಿನ ಮಾತು ಬರುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು. ಹುಲಿಗೆವ್ವನೂ ನನ್ನನ್ನು ನೋಡಿದಳು. ಅವಳು ಆ ಬಿಸಿನೀರಿನ ಮಾತು ಎತ್ತಲಿಲ್ಲ. ನಮ್ಮ ಕಡೆ ಬಾಣಂತಿಗೆ ಎರೆದ ನೀರನ್ನು ಎರೆದವರು ಎತ್ತಿ ಆಡಬಾರದು. ಆಡಿದರೆ ತಾಯಿಯ ಎದೆಹಾಲು ಬತ್ತುತ್ತದೆಂದು ಭಯ. ಆ ನೀರಿನ ಮಾತನ್ನು ಆಡಬಹುದಾಗಿದ್ದವನು ಬಾಣಂತಿಯ ತಮ್ಮನಾದ ನಾನು. ನಾನು ಆಡುತ್ತೇನೆಂದು ಅವಳು ಕಾದಳು.

"ಹೌದ್ರೀ" ಎಂದೆ. "ಉಪ್ಪಿನಿಂದ ಒಡೀತೈತ್ರೀ."

ಹುಲಿಗೆವ್ವ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಅವತ್ತು ಸಂಜೆ ಅವನು ತಕ್ಕಡಿಯ ಹತ್ತಿರ ಬಂದು ನನ್ನ ಹೆಗಲ ಮೇಲೆ ಎಣ್ಣೆಗೈ ಇಟ್ಟು ಬೀಡಿ ಚಾಚಿದ. "ಈಗ ನೀನೂ ಡ್ರೈವರ್ ಆದಿ ನೋಡು, ಮುನಷೀ" ಎಂದ. ಅವನ ಮುಖದಲ್ಲಿ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ನಾನು ಬೀಡಿ ತೆಗೆದುಕೊಂಡೆ.

ಹೊಸ ಹೆಡ್ಡು ಬರುವವರೆಗೆ ಗಿರಣಿ ಬಂದಾಯಿತು. ಮೂಲೆ ಸೇರಿದ್ದ ಬೀಸುಕಲ್ಲುಗಳು ಮತ್ತೆ ಹೊರಗೆ ಬಂದವು. ಕೋಳಿ ಕೂಗುವ ಮೊದಲೇ ಎದ್ದು ಬೀಸಬೇಕಾದ ಹೆಣ್ಣುಮಕ್ಕಳ ಸಿಟ್ಟು ಯಾರ ಮೇಲೆ ಬೀಳಬೇಕು? ಬೀಸುವಾಗ ಕಟ್ಟಿ ಹಾಡುವ ಪದಗಳಲ್ಲಿ ಹುಲಿಗೆವ್ವ ಸೇರಿದಳು. ಸವಳು ನೀರು ಸುರಿದಾಕಿ, ಇಂಜಿನ್ನ ಒಡೆದಾಕಿ ಎಂದು ಓಣಿಗೊಂದು ಪದ. ಹಾಲು ಉಕ್ಕಿ ಹೋದರೆ, ಎಮ್ಮೆ ಒದ್ದರೆ, ಗೊತ್ತಾದ ಮದುವೆ ಮುರಿದರೆ, "ಬಂದಿದ್ದಳೇನ ಇಂಜಿನ್ ಹುಲಿಗೆವ್ವ?" ಎಂದು ಕೇಳುವುದು ರೂಢಿಯಾಯಿತು. ಯಂತ್ರದ ಹೆಸರು ಒಬ್ಬ ಹೆಂಗಸಿಗೆ ಅಂಟಿ ಕೇಡು ಎಂಬ ಅರ್ಥ ಪಡೆಯಿತು. ಯಾವ ಮನೆಯೂ ಅವಳ ಕೊಡವನ್ನು ಹೊಸ್ತಿಲು ದಾಟಿಸಲಿಲ್ಲ. ದೇವರ ಮನೆಗೆ ಹೋಗುತ್ತಿದ್ದ ನೀರು ದನಕ್ಕೂ ಬೇಡವಾಯಿತು.

ನಮ್ಮ ಮನೆಯಲ್ಲಿ ಅವ್ವನೂ ಆ ಪದ ಹಾಡಿದಳು. ಸೊಂಟ ಹಿಡಿದುಕೊಂಡು, ಕಲ್ಲು ತಿರುವುತ್ತ, ಮಗಳಿಗೆ ನೀರೆರೆದವಳ ಹೆಸರನ್ನೇ ಬೈದು ಹಾಡಿದಳು. ಅವಳಿಗೇನೂ ಗೊತ್ತಿರಲಿಲ್ಲ. ಒಳಗೆ ಕತ್ತಲೆಕೋಣೆಯಿಂದ ಅಕ್ಕ ಕೇಳಿದಳು, "ತಮ್ಮಾ, ಹುಲಿಗೆವ್ವ ಯಾಕ ಬರಾಕತ್ತಿಲ್ಲ? ಅವತ್ತ ಅಕಿ ಕೈ ಹತ್ತಿದ್ದಕ್ಕ ಮೈ ಹಗುರಾಗಿತ್ತು."

"ಊರಿಗೆ ಹೋಗ್ಯಾಳ" ಎಂದೆ. ಕೆಲವೇ ದಿನಗಳಲ್ಲಿ ಅದು ಖರೇ ಆಯಿತು. ಕಾಲುವೆ ಅಗೆಯುವ ಮಂದಿಯ ಜೊತೆ ಹುಲಿಗೆವ್ವ ಊರು ಬಿಟ್ಟು ಹೋದಳು.

ಇದಾದ ಮೇಲೂ ನಾವಿಬ್ಬರೂ ಅದೇ ಗಿರಣಿಯಲ್ಲಿ ಇದ್ದೆವು. ಹೊಸ ಹೆಡ್ಡು ಬಂತು, ಕಾಲುವೆಗೆ ನೀರು ಬಂತು, ಜೋಳದ ಹೊಲಗಳಿಗೆ ನೆಲ್ಲು ಬಂತು. ದೊಡ್ಡ ಅಕ್ಕಿ ಗಿರಣಿಗಳು ತಲೆಯೆತ್ತಿದವು. ಅಲ್ಲಿಗೆ ಕೆಲಸ ಬಲ್ಲ ಫಿಟ್ಟರುಗಳು ಆಂಧ್ರದಿಂದ ಬಂದರು. ಅವರು ಎರಡು ಪ್ರಶ್ನೆ ಕೇಳಿದರೆ ಇವನ ಮೂರನೆಯ ಮಾತು ಹೊರಡುತ್ತಿರಲಿಲ್ಲ. ಒಂದು ದಿನ ಪಾನಾ ಸಹಿತ ಮಾಯವಾದ. ಅದು ಗಿರಣಿಯ ಪಾನಾ.

ಅರವತ್ತನೆಯ ಇಸವಿಯ ಸುಮಾರಿಗೆ ನಾನು ಯಾವುದೋ ಕೆಲಸಕ್ಕೆ ಮಸ್ಕಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪರಿಚಿತ ಕಿರುಚಾಟ ಕೇಳಿಸಿತು. ಹಣೆಯ ಮೇಲೆ ಎಣ್ಣೆ, ಮುಂದೆ ಯಾರೋ ಕೊಡಿಸಿದ ಚಹಾ. ರಸ್ತೆ ತುಳಿಯುವ ಇಂಜಿನ್ನನ್ನು ತಾನು ಒಂದೇ ಕೈಯಲ್ಲಿ ಹೊರಳಿಸುವುದಾಗಿ ಪ್ರಯಾಣಿಕರಿಗೆ ಹೇಳುತ್ತಿದ್ದ. ಆ ಇಂಜಿನ್ನಿಗೆ ಅವನು ನೀರು ಹೊಯ್ಯುವವನೆಂದು ಹೋಟೆಲಿನವನು ನನಗೆ ಕಣ್ಣು ಮಿಟುಕಿಸಿ ಹೇಳಿದ. ಮತ್ತೆ ಡಬ್ಬಿಗೇ ಬಂದಿದ್ದ. ನನಗೆ ಸಂತೋಷವಾಯಿತು. ಅವನನ್ನು ಹೊರಗೆ ಕರೆದು, ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಕಾರಿದೆ.

"ಒಬ್ಬಾಕಿ ಬಾಳ್ವೆ ಹಾಳ ಮಾಡಿದಿ. ನಿನಗ ಮನಷಾ ಅಂತಾರೇನು? ನಾಯಿ ನೀ."

ಅವನು ಸಿಟ್ಟಾಗಲಿಲ್ಲ. ಕಿರುಚಲೂ ಇಲ್ಲ. ಮೊದಲ ಬಾರಿಗೆ ಎಲ್ಲರಂತೆ ಮೆಲ್ಲಗೆ ಮಾತಾಡಿದ.

"ಹೌದು. ನಾ ಸುಳ್ಳ ಹೇಳಿದೆ, ಹೊಟ್ಟಿಗಾಗಿ. ಇಲ್ಲಂದ್ರ ಅವತ್ತ ಮತ್ತ ಡಬ್ಬಿ ಹಿಡೀಬೇಕಾಗತಿತ್ತು. ನಿಮ್ಮನ್ಯಾಗ ಉಣ್ಣಾಕ ಇತ್ತು. ನಾಕ ಅಕ್ಷರ ಇದ್ವು. ನನ್ನ ಮಾತು ಯಾರೂ ನಂಬತಿದ್ದಿಲ್ಲ ಮುನಷೀ, ನಿನ್ನ ಮಾತು ನಂಬಿದ್ರು. ನೀ ಯಾಕ ಹೌದಂದಿ?"

ಇಂಜಿನ್ನಿನ ಒಂದು ಮಾತೂ ಬೆರೆಸದೆ ಅವನು ಆಡಿದ್ದು ನನ್ನ ನೆನಪಿನಲ್ಲಿ ಅದೊಂದೇ. ಹಾಗೆ ಕೇಳಿ ಬೀಡಿಯ ತುಂಡನ್ನು ಎಸೆದು ಒಳಗೆ ಹೋದ. ಮತ್ತೆ ಕಿರುಚಾಟ ಶುರುವಾಯಿತು. ಅವನು ನನ್ನನ್ನು ನೋಡಿದ ರೀತಿ ನನಗೆ ಗುರುತು ಸಿಕ್ಕಿತು. ತಕ್ಕಡಿಯ ಹಿಂದೆ ಕುಳಿತು ಅಷ್ಟು ವರ್ಷ ನಾನು ಅವನನ್ನು ನೋಡಿದ್ದು ಹಾಗೆಯೇ. ಅವನು ನೀಚ ಎಂಬ ನನ್ನ ಅಭಿಪ್ರಾಯ ಅವತ್ತೂ ಬದಲಾಗಲಿಲ್ಲ, ಇವತ್ತೂ ಬದಲಾಗಿಲ್ಲ. ನೀಚನ ಪ್ರಶ್ನೆಗೆ ಉತ್ತರವಿಲ್ಲದವನನ್ನು ಏನೆಂದು ಕರೆಯಬೇಕೋ ಅದು ನಾನು.

ಊರಿಗೆ ಬಂದವನೇ ಸಾವಕಾರರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿದರು. "ಹೋಗ್ಲಿ ಬಿಡಪಾ, ಹೊಸಾ ಹೆಡ್ಡು ಛಲೋ ನಡದೈತಲ್ಲ" ಎಂದರು. ಹುಲಿಗೆವ್ವನ ಸುಳಿವಿಗಾಗಿ ಹಲವರನ್ನು ಕೇಳಿದೆ. ಕಡೆಗೆ ಸಾವಕಾರರ ಗಾಡಿಯಾಳೊಬ್ಬ ಅವಳು ದಢೇಸುಗೂರಿನ ಗದ್ದೆಗಳಲ್ಲಿ ಇದ್ದಾಳೆಂದು ಹೇಳಿದ. ಮರುದಿನವೇ ಹೊರಟೆ.

ನಾಟಿಯ ಕಾಲ. ಕೆಸರಿನಲ್ಲಿ ಹೆಂಗಸರ ಸಾಲು ಬಗ್ಗಿ ಹಿಂದೆ ಹಿಂದೆ ಸರಿಯುತ್ತಿತ್ತು. ಬದುವಿನ ಮೇಲಿದ್ದ ಮೇಸ್ತ್ರಿಯನ್ನು ಕೇಳಿದರೆ, "ಇಂಜಿನ್ ಹುಲಿಗೆವ್ವ ಏನ್ರೀ?" ಎಂದ. ಆ ಹೆಸರು ಇಲ್ಲಿಗೂ ಬಂದಿತ್ತು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನಕ್ಕು, "ಅಕಿ ಇಂಜಿನ್ ಇದ್ದಂಗರೀ. ಒಮ್ಮಿ ಚಾಲೂ ಆದ್ರ ನಿಂದ್ರೂದ ಗೊತ್ತಿಲ್ಲ. ಅಕಿ ಸಂಗಾಟ ನಾವು ನಾಟಿ ಹಚ್ಚೂದು ಅಂದ್ರ ಸಾಯೂದ" ಎಂದಳು. ಕಾಲುವೆಯ ಮಂದಿಯ ಬಾಯಲ್ಲಿ ಬಂದ ಹೆಸರಿಗೆ ಈ ಹೆಂಗಸರು ತಮಗೆ ತೋಚಿದ ಅರ್ಥ ಕೊಟ್ಟಿದ್ದರು.

ಹುಲಿಗೆವ್ವ ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದಳು. ಕೈ ತೊಳೆದುಕೊಂಡು ಬಂದು ನನ್ನನ್ನು ದೂರದ ಬದುವಿಗೆ ಕರೆದುಕೊಂಡು ಹೋದಳು. ಕೂದಲು ಬೆಳ್ಳಗಾಗಿತ್ತು.

"ನಾ ಸಾವಕಾರ್ರಿಗೆ ಖರೇ ಹೇಳೀನಿ ಹುಲಿಗೆವ್ವ. ಇಲ್ಲೂ ಎಲ್ಲಾರ ಮುಂದ ಹೇಳ್ತೀನಿ. ಸಿಂಧನೂರಾಗ ಮನಿಮನಿಗೆ ಹೋಗಿ ಹೇಳ್ತೀನಿ."

"ಏನಂತ ಹೇಳ್ತಿ?"

"ನೀ ಸವಳ ನೀರು ಹಾಕಿಲ್ಲ ಅಂತ."

"ಇಲ್ಲಿ ಯಾರ ಅಂದಾರ ಹಾಕೀನಂತ?" ಅವಳು ನಾಟಿಯ ಸಾಲಿನ ಕಡೆ ಕೈ ಮಾಡಿದಳು. ಬದುವಿನ ಮೇಲೆ ಒದ್ದೆ ಬಟ್ಟೆ ಸುತ್ತಿದ ಎರಡು ಕೊಡಗಳು ಇದ್ದವು. "ಇವರೆಲ್ಲ ಕುಡಿಯೂ ನೀರು ನಾನ ತರತೀನಿ ದಿನಾ. ಕಾಲುವಿದಲ್ಲ, ಬಾವೀದು. ನೀ ಇಲ್ಲ ಅಂತ ಹೇಳಾಕ ನಿಂತ್ರ ಮೊದಲ ಸವಳ ಅಂಬೂ ಮಾತು ಇವರ ಕಿವಿಗೆ ಬೀಳತೈತಿ. ಆ ಮ್ಯಾಲ ಯಾರ ಕುಡೀತಾರ? ಸುಮ್ಮನ ಹೋಗು ತಮ್ಮಾ. ನನ್ನ ಹೊಟ್ಟಿ ಮ್ಯಾಲ ಇನ್ನೊಮ್ಮಿ ಹೊಡೀಬ್ಯಾಡ."

ಬಿಸಿಲಲ್ಲಿ ನಡೆದು ಬಂದಿದ್ದೆ, ತುಟಿ ಒಣಗಿದ್ದವು. ಅದನ್ನು ನೋಡಿ ಅವಳು ಹೋಗಿ ಒಂದು ಕೊಡ ಎತ್ತಿಕೊಂಡು ಬಂದಳು.

"ಬೊಗಸಿ ಹಿಡಿ."

ಬಗ್ಗಿ ಬೊಗಸೆ ಹಿಡಿದೆ. ಅವಳು ಸಣ್ಣಗೆ ಹೊಯ್ದಳು. ನಾನು ಮೊಣಕೈವರೆಗೆ ಸುರಿಸಿಕೊಳ್ಳುತ್ತ ಕುಡಿದೆ. ಸಾಕೆಂದು ತಲೆ ಅಲ್ಲಾಡಿಸುವವರೆಗೂ ಅವಳು ಹೊಯ್ಯುವುದನ್ನು ನಿಲ್ಲಿಸಲಿಲ್ಲ.

"ಸವಳ ಐತೇನು?"

"ಇಲ್ಲವ್ವ."

"ಅದನ್ನ ಅವತ್ತ ಅನ್ನಬೇಕಿತ್ತು" ಎಂದು ಕೊಡದ ಬಾಯಿಗೆ ಬಟ್ಟೆ ಮುಚ್ಚಿ ಅವಳು ಸಾಲಿಗೆ ಹೋದಳು.